ಘಟ್ಟದ ಮೇಲಿನ ಮುದಿ ಜೀಪು

ಅಮೇರಿಕ ದೇಶದಲ್ಲಿ ಹಳೆಯ ಮೋಟಾರುಗಳ ಮೋಹಕ್ಕೆ ಬಿದ್ದವರು ಮೊದಲು ಕಣ್ಣು ಹಾಯಿಸುವುದು ಕಾರ್ವೆಟ್ ಎಂಬ ಕ್ರೀಡಾಕಾರಿನ ಕಡೆಗೆ. ಷೆವರ್ಲೆಯವರು 1953ರಲ್ಲಿ ಅದನ್ನು ಮೊದಲು ಹೊರತಂದಾಗ ಆ ವರ್ಷ ಸಿದ್ಧವಾದವು ಕೇವಲ 300 ಕಾರುಗಳು. ಮೈಯೆಲ್ಲ ಬಿಳಿ, ಒಳಗಿನ ಆಸನಗಳು ಕೆಂಪು. ಹೊರಗಿನ ಹೊದಿಕೆ ಕಬ್ಬಿಣದ್ದಲ್ಲ, ಗಾಜಿನ ನಾರಿನದು. ಇಂದು ಅವುಗಳಲ್ಲೊಂದನ್ನು ಇಟ್ಟುಕೊಂಡ ಭಾಗ್ಯವಂತನು ಅದನ್ನು ಮಳೆಗೆ ಒಡ್ಡುವುದಿಲ್ಲ, ಧೂಳಿಗೆ ಬಿಡುವುದಿಲ್ಲ. ಬಿಸಿಲು ನೋಡಿ ಹೊರತೆಗೆದು, ಒಂದು ಸುತ್ತು ಹಾಕಿ, ಒರೆಸಿ, ಮತ್ತೆ ಒಳಗಿಟ್ಟು ಬೀಗ ಹಾಕುತ್ತಾನೆ.

ಅದೇ 1953ರಲ್ಲಿ ಅದೇ ದೇಶದ ಟೊಲೀಡೊ ನಗರದ ವಿಲ್ಲಿಸ್ ಕಾರ್ಖಾನೆಯಿಂದ ಇನ್ನೊಂದು ಬಂಡಿ ಹೊರಬಿದ್ದಿತು. ಚೆಲುವಿನ ಮಾತು ಅದರ ಹತ್ತಿರವೂ ಸುಳಿಯುವಂತಿರಲಿಲ್ಲ. ಹೊಸ ಎಂಜಿನ್ನು ಎತ್ತರವಾದ್ದರಿಂದ ಅದಕ್ಕೊಪ್ಪುವಂತೆ ಬಾನೆಟ್ಟನ್ನೂ ಎತ್ತರಿಸಿದ್ದರು. ಹೀಗಾಗಿ ಬಂಡಿಗೆ ಹಣೆಯೇ ದೊಡ್ಡದಾಗಿ, ಸದಾ ಹುಬ್ಬೇರಿಸಿಕೊಂಡಿರುವ ಮುಖ ಬಂದಿತು. ಸಿಜೆ–3ಬಿ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಜನರಿಗೆ ಅದು ಬರಿಯ ಜೀಪು. ಕಾರ್ವೆಟ್ಟಿಗೆ ದೊರೆತ ಬೀಗದ ಮನೆ ಇದರ ಪಾಲಿಗೆ ಬರಲಿಲ್ಲ. ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ, ಸೊಪ್ಪಿನ ಹೊರೆ, ಅಡಿಕೆಯ ಚೀಲ, ಏಣಿ, ಹಗ್ಗಗಳ ನಡುವೆ ಅದರ ಸಂಸಾರ.

ಜೀಪು ಯುದ್ಧದ ಕೂಸೆಂಬುದು ಎಲ್ಲರೂ ಬಲ್ಲ ಸಂಗತಿ. 1940ರಲ್ಲಿ ಅಮೇರಿಕದ ಸೈನ್ಯದವರು ಹಗುರವಾದ, ನಾಲ್ಕೂ ಚಕ್ರಗಳಿಂದ ಎಳೆಯಬಲ್ಲ ಬಂಡಿಯೊಂದು ಬೇಕೆಂದು 135 ಕಂಪೆನಿಗಳಿಗೆ ಬರೆದರು. ಮೊದಲ ಮಾದರಿಯನ್ನು 49 ದಿನಗಳಲ್ಲಿ ಕಟ್ಟಿಕೊಡಬೇಕೆಂಬುದು ಕರಾರು. ಅಷ್ಟು ಅವಸರದಲ್ಲಿ ಕೆಲಸ ಮುಗಿಸಿದ್ದು ದಿವಾಳಿಯ ಅಂಚಿನಲ್ಲಿದ್ದ ಬ್ಯಾಂಟಮ್ ಎಂಬ ಚಿಕ್ಕ ಕಂಪೆನಿ. ಆದರೆ ದೊಡ್ಡ ಗುತ್ತಿಗೆ ಹೋದದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳಿಗೆ. ಯುದ್ಧ ಮುಗಿಯುವುದರೊಳಗೆ 6 ಲಕ್ಷಕ್ಕೂ ಮಿಕ್ಕಿ ಜೀಪುಗಳು ತಯಾರಾದವು. ಇತ್ತ ಭಾರತದಲ್ಲಿ ಮಹೀಂದ್ರ ಸಹೋದರರು 1945ರಲ್ಲಿ ಮಲಿಕ್ ಗುಲಾಮ್ ಮಹಮ್ಮದರ ಜೊತೆಗೂಡಿ ಮಹೀಂದ್ರ ಅಂಡ್ ಮಹಮ್ಮದ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ದೇಶ ಇಬ್ಭಾಗವಾದಾಗ ಮಹಮ್ಮದರು ಆಚೆಗೆ ಹೋಗಿ ಪಾಕಿಸ್ತಾನದ ಪ್ರಥಮ ಅರ್ಥಮಂತ್ರಿಗಳಾದರು. 1948ರಲ್ಲಿ ಸಂಸ್ಥೆಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಮುಂಬಯಿಯ ಮಝಗಾಂವ್‌ನಲ್ಲಿ ಅಮೇರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸುವುದರಿಂದ ತೊಡಗಿ, ಕ್ರಮೇಣ ಇಡಿಯ ಜೀಪನ್ನೇ ಇಲ್ಲಿ ತಯಾರಿಸುವಷ್ಟಕ್ಕೆ ಕೆಲಸ ಮುಂದುವರಿಯಿತು. ಅಮೇರಿಕದಲ್ಲಿ 1968ಕ್ಕೆ ನಿಂತುಹೋದ ಆ ಎತ್ತರದ ಹಣೆಯ ಮಾದರಿ ಇಲ್ಲಿ ಅನಂತರವೂ ಬಹುಕಾಲ ಬಾಳಿತು.

ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಿತು. ಜೀಪನ್ನು ಘಟ್ಟದ ಮೇಲಕ್ಕೆ ಕರೆದದ್ದು ಮಾತ್ರ ಪ್ರಾಂತ್ಯವಲ್ಲ, ನೆಲದ ಸ್ವಭಾವ. ಇಲ್ಲಿ ಅಡಿಕೆಯ ತೋಟವಿರುವುದು ಕಣಿವೆಯ ತಳದಲ್ಲಿ. ತೋಟದ ಮೇಲುದಂಡೆಯಲ್ಲಿ ಮನೆ. ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಒಂದು ಮನೆಯಿಂದ ಇನ್ನೊಂದಕ್ಕೆ ಕೂಗಿದರೆ ಕೇಳಿಸುವುದಿಲ್ಲ. ಡಾಂಬರು ರಸ್ತೆಗೆ ಬಂದು ಸೇರಬೇಕಾದರೆ ಕೆಮ್ಮಣ್ಣಿನ ಏರು, ಹಳ್ಳ, ಮತ್ತೆ ಏರು. ಮಳೆಗಾಲದಲ್ಲಿ ಆ ಕೆಮ್ಮಣ್ಣು ಬೆಣ್ಣೆಯಾಗುತ್ತದೆ. ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತಿಕೊಂಡು, ನಾಲ್ಕೂ ಚಕ್ರಗಳನ್ನು ಎಳೆತಕ್ಕೆ ಹಚ್ಚಿ ಏರಬಲ್ಲ ಬಂಡಿಗೆ ಮಾತ್ರ ಅಲ್ಲಿ ಬೆಲೆ. ಅಡಿಕೆಯನ್ನು ಶಿರಸಿಯ ತೋಟಗಾರ್ಸ್ ಸೊಸೈಟಿಗೆ ಮುಟ್ಟಿಸುವುದು, ಗೊಬ್ಬರ ತರುವುದು, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೋಗುವುದು, ಮದುಮಕ್ಕಳನ್ನು ದಿಬ್ಬಣಕ್ಕೆ ಒಯ್ಯುವುದು ಎಲ್ಲವೂ ಈ ಒಂದೇ ಬಂಡಿಯ ಪಾಲಿಗೆ ಬಂದವು. ಇವೆಲ್ಲಕ್ಕಿಂತ ದೊಡ್ಡ ಕೆಲಸ ಇನ್ನೊಂದುಂಟು. ಆಷಾಢದ ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದರೆ, ಸೊಸೆಗೆ ಹೆರಿಗೆ ಬೇನೆ ಕಾಣಿಸಿಕೊಂಡರೆ, ತೋಟದಲ್ಲಿ ಹಾವು ಮುಟ್ಟಿದರೆ, ಆ ಹೊತ್ತಿನಲ್ಲಿ ಜೀಪು ಚಾಲೂ ಆಗುತ್ತದೆಯೆ, ಇಲ್ಲವೆ? ಬ್ರೇಕು ನಿಲ್ಲುತ್ತದೆಯೆ, ಇಲ್ಲವೆ? ಮುದಿ ಜೀಪಿನ ದುರಸ್ತಿಯೆಂಬುದು ಇಲ್ಲಿ ಹವ್ಯಾಸದ ಮಾತಲ್ಲದಿರುವುದು ಈ ಕಾರಣದಿಂದ.

ಮೊದಲು ಚಾಲೂ ಮಾಡುವ ವಿಚಾರ. ಹಳೆಯ ಪೆಟ್ರೋಲ್ ಎಂಜಿನ್ನಿಗೆ ಮಳೆಗಾಲದ ಶತ್ರು ತೇವ. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಮೈಯಲ್ಲಿ ನೀರಿನ ಹನಿ ಕಟ್ಟಿದರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಆ ತೇವದ ದಾರಿಯಲ್ಲೇ ಹರಿದು ಸಾಯುತ್ತದೆ. ಅನುಭವವುಳ್ಳವರು ಮೊದಲು ಮುಚ್ಚಳ ತೆಗೆದು ಒಣ ಬಟ್ಟೆಯಿಂದ ಒರೆಸುತ್ತಾರೆ, ಪ್ಲಗ್ಗುಗಳನ್ನು ಬಿಚ್ಚಿ ಒಲೆಯ ಬಳಿ ಬಿಸಿ ಮಾಡಿ ಹಾಕುತ್ತಾರೆ. ಇಷ್ಟಾದರೂ ಹತ್ತದಿದ್ದರೆ ಪಾಯಿಂಟುಗಳನ್ನು ನೋಡಬೇಕು. ಅವು ತೆರೆದಾಗ ನಡುವಿನ ಸಂದು ಅಂಗುಲದ ಸಾವಿರದಲ್ಲಿ 20 ಭಾಗ ಇರಬೇಕು, ಅಂದರೆ ಸುಮಾರು ಅರ್ಧ ಮಿಲಿಮೀಟರು. ಕಿಡಿ ಹೋಗತಕ್ಕ ಕ್ರಮ 1, 3, 4, 2. ಪ್ಲಗ್ಗಿನ ತಂತಿಗಳನ್ನು ಅದಲು ಬದಲು ಮಾಡಿ ಸಿಕ್ಕಿಸಿ, ಎಂಜಿನ್ನು ಕೆಮ್ಮಿ ಹೊಗೆ ಉಗುಳುವುದನ್ನು ಕಂಡು ಹೌಹಾರಿದ ಪದವೀಧರರು ಎಷ್ಟೋ ಮಂದಿ.

ಬ್ಯಾಟರಿ ಸತ್ತಿದ್ದರೆ ಮುಂದಿನಿಂದ ಹ್ಯಾಂಡಲ್ಲು ಹಾಕಿ ತಿರುಗಿಸುವ ಅನುಕೂಲವಿದೆ. ಇದರಲ್ಲಿ ಒಂದು ಎಚ್ಚರಿಕೆಯನ್ನು ಹಳಬರು ಮಕ್ಕಳಿಗೆ ತಪ್ಪದೆ ಹೇಳಿಕೊಡುತ್ತಿದ್ದರು. ಹೆಬ್ಬೆರಳನ್ನು ಹ್ಯಾಂಡಲ್ಲಿನ ಸುತ್ತ ಬಿಗಿಯದೆ, ಉಳಿದ ಬೆರಳುಗಳ ಬದಿಯಲ್ಲೇ ಇಟ್ಟುಕೊಳ್ಳಬೇಕು. ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯಬೇಕು. ಎಂಜಿನ್ನು ಹಿಮ್ಮುಖವಾಗಿ ಒದ್ದರೆ ಹೆಬ್ಬೆರಳೂ ಮಣಿಕಟ್ಟೂ ಮುರಿಯುವುದಕ್ಕೆ ಕ್ಷಣ ಸಾಕು.

ಘಟ್ಟವೇರುವಾಗಿನ ತೊಂದರೆ ಬೇರೆಯ ಬಗೆಯದು. ಕುಮಟೆಯಿಂದ ದೇವಿಮನೆ ಘಟ್ಟವನ್ನೊ, ಅಂಕೋಲೆಯಿಂದ ಅರಬೈಲು ಘಟ್ಟವನ್ನೊ ಬೇಸಗೆಯ ಮಧ್ಯಾಹ್ನ ತುಂಬಿದ ಭಾರದೊಡನೆ ಏರುತ್ತಿರುವಾಗ ಎಂಜಿನ್ನು ಇದ್ದಕ್ಕಿದ್ದಂತೆ ಉಸಿರು ಕಟ್ಟಿ ನಿಂತುಬಿಡುತ್ತದೆ. ಟಾಕಿಯಲ್ಲಿ ಪೆಟ್ರೋಲು ಇದೆ, ಕಿಡಿಯೂ ಇದೆ. ಈ ಎಂಜಿನ್ನಿನಲ್ಲಿ ಪೆಟ್ರೋಲನ್ನು ಎಳೆಯುವ ಪಂಪು, ಸುಟ್ಟ ಹೊಗೆ ಹೊರಹೋಗುವ ಬಿಸಿ ಕೊಳವೆಯ ಮಗ್ಗುಲಿನಲ್ಲಿದೆ. ಕಾವು ಹೆಚ್ಚಿ ಪೆಟ್ರೋಲು ಪಂಪಿನೊಳಗೇ ಆವಿಯಾದರೆ, ಪಂಪು ದ್ರವದ ಬದಲು ಆವಿಯನ್ನು ಹಿಂಡುತ್ತ ಕೂತಿರುತ್ತದೆ. ಇದಕ್ಕೆ ಔಷಧ ಒಂದು ಒದ್ದೆ ಬಟ್ಟೆ. ಅದನ್ನು ಪಂಪಿಗೆ ಸುತ್ತಿ, ನೆರಳಿನಲ್ಲಿ ಒಂದು ಕವಳ ಹಾಕಿ ಮುಗಿಸುವಷ್ಟು ಹೊತ್ತು ಕುಳಿತರೆ ಜೀಪು ತಾನಾಗಿ ಸರಿಹೋಗುತ್ತದೆ. ಈ ಗುಟ್ಟು ತಿಳಿಯದೆ ಕಾರ್ಬುರೇಟರನ್ನು ಬಿಚ್ಚಿ ಅದರ ಚಿಕ್ಕ ತಿರುಪನ್ನು ಹುಲ್ಲಿನಲ್ಲಿ ಕಳೆದುಕೊಂಡವನು ರಾತ್ರಿಯೆಲ್ಲ ಘಟ್ಟದಲ್ಲೇ ಕಳೆಯಬೇಕಾದೀತು.

ಏರಿದ್ದಾಯಿತು, ಇಳಿಯುವುದೇ ನಿಜವಾದ ಪರೀಕ್ಷೆ. ಹಳೆಯ ಜೀಪಿನ ನಾಲ್ಕು ಚಕ್ರಗಳ ಬ್ರೇಕುಗಳಿಗೂ ಎಣ್ಣೆ ಹೋಗುವುದು ಒಂದೇ ಸಿಲಿಂಡರಿನಿಂದ, ಒಂದೇ ಕೊಳವೆಯ ಜಾಲದಲ್ಲಿ. ಈಚಿನ ಕಾರುಗಳಲ್ಲಿ ಆ ಜಾಲವನ್ನು ಎರಡಾಗಿ ಒಡೆದಿರುವುದರಿಂದ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಹಳೆಯದರಲ್ಲಿ ಎಲ್ಲೋ ಒಂದು ಚಕ್ರದ ರಬ್ಬರ್ ಕಪ್ಪು ಹರಿದರೆ ನಾಲ್ಕೂ ಬ್ರೇಕುಗಳು ಒಟ್ಟಿಗೆ ಹೋದಂತೆಯೆ. ಪೆಡಲು ಕಾಲಿನ ಕೆಳಗೆ ನೆಲಕ್ಕೆ ತಾಗುವ ಆ ಅನುಭವ ಒಮ್ಮೆ ಆದವನು ಅದನ್ನು ಮರೆಯಲಾರ. ಮಲೆನಾಡಿನಲ್ಲಿ ಈ ಅಪಾಯಕ್ಕೆ ಇನ್ನೊಂದು ಮುಖವೂ ಉಂಟು. ಬ್ರೇಕಿನ ಎಣ್ಣೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಜಾತಿಯದು. ಸಾಮಾನ್ಯ ದರ್ಜೆಯ ಹೊಸ ಎಣ್ಣೆ ಕುದಿಯಬೇಕಾದರೆ 205 ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ನೀರು ಹೀರಿದ ಹಳೆಯ ಎಣ್ಣೆ 140ರ ಸುಮಾರಿಗೇ ಕುದಿಯತೊಡಗುತ್ತದೆ. ಅರಬೈಲಿನ ತಿರುವುಗಳಲ್ಲಿ ಬ್ರೇಕಿನ ಮೇಲೆಯೇ ಕಾಲಿಟ್ಟುಕೊಂಡು ಇಳಿದರೆ ಡ್ರಮ್ಮಿನ ಕಾವು ಒಳಗಿನ ಎಣ್ಣೆಗೂ ಇಳಿಯುತ್ತದೆ. ಕುದಿದ ಎಣ್ಣೆಯಲ್ಲಿ ಆವಿಯ ಗುಳ್ಳೆ ಹುಟ್ಟಿದ ಮೇಲೆ, ಪೆಡಲು ಎಷ್ಟು ಒತ್ತಿದರೂ ಅಮುಕುವುದು ಆ ಗುಳ್ಳೆಯನ್ನು ಮಾತ್ರ. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಕೂಡಲೆ, ಎಣ್ಣೆಯನ್ನು ಪೂರ್ತಿ ಬಸಿದು ಹೊಸದನ್ನು ಹಾಕಿಸುವುದಕ್ಕೆ ತಗಲುವ ಖರ್ಚು ಒಂದು ಕೊನೆ ಅಡಿಕೆಯಷ್ಟೂ ಆಗಲಿಕ್ಕಿಲ್ಲ. ಹೀಗಿದ್ದೂ ಟಾಯರಿಗೆ, ಬಣ್ಣಕ್ಕೆ, ಹೊಸ ಸೀಟಿಗೆ ಹಣ ಸುರಿಯುವವರು ಈ ಒಂದನ್ನು ಮುಂದೂಡುತ್ತಾರೆ. ಕಣ್ಣಿಗೆ ಕಾಣದ ದುರಸ್ತಿಗೆ ಕೈ ಬಿಚ್ಚುವುದು ಮನುಷ್ಯನಿಗೆ ಅಷ್ಟು ಕಷ್ಟ!

ಏರಿದ ಗಿಯರಿನಲ್ಲೇ ಇಳಿಯಬೇಕೆಂಬುದು ಹಳೆಯ ಚಾಲಕರ ನೇಮ. ಜೀಪಿನಲ್ಲಿ ಮುಖ್ಯ ಗಿಯರಲ್ಲದೆ ಇನ್ನೊಂದು ತಗ್ಗು ಗಿಯರಿನ ಪೆಟ್ಟಿಗೆಯೂ ಇದೆ. ಅದನ್ನು ಹಾಕಿದರೆ ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ತಗ್ಗಿ, ಎಂಜಿನ್ನೇ ಬಂಡಿಯನ್ನು ಹಿಡಿದು ನಿಲ್ಲಿಸುತ್ತದೆ. ಹಳ್ಳ ದಾಟಿದ ಬಳಿಕ ಡ್ರಮ್ಮಿನೊಳಗೆ ನೀರು ನಿಂತಿರುವುದರಿಂದ, ನಾಲ್ಕು ಮಾರು ದೂರ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಹೋಗಿ ಒಣಗಿಸಿಕೊಳ್ಳಬೇಕು. ಕೈ ಬ್ರೇಕಿನ ಬಗೆಗೆ ಒಂದು ಮಾತು. ಇದು ಚಕ್ರಗಳನ್ನು ನೇರವಾಗಿ ಹಿಡಿಯುವುದಿಲ್ಲ, ಹಿಂದಿನ ಚಕ್ರಗಳಿಗೆ ಹೋಗುವ ನಡುವಿನ ದಂಡವನ್ನು ಹಿಡಿಯುತ್ತದೆ. ಆದ್ದರಿಂದ ಇಳಿಜಾರಿನಲ್ಲಿ ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದೊಡನೆ ಆ ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗಿ, ನೆಲದ ಮೇಲಿರುವ ಇನ್ನೊಂದೂ ಸಡಿಲವಾಗುತ್ತದೆ; ಕೈ ಬ್ರೇಕು ಬಿಗಿದಿದ್ದರೂ ಜೀಪು ಜಾರುತ್ತದೆ. ಜಾಕಿ ಹಾಕುವ ಮೊದಲು ಉಳಿದ ಚಕ್ರಗಳಿಗೆ ಕಲ್ಲು ಕೊಡುವುದು ಬರಿಯ ಶಾಸ್ತ್ರಕ್ಕಾಗಿ ಅಲ್ಲ.

ಕಾರ್ವೆಟ್ಟಿನ ಗಾಜುನಾರಿನ ಮೈಗೆ ತುಕ್ಕಿನ ಭಯವಿಲ್ಲ. ಜೀಪಿನ ಕಬ್ಬಿಣಕ್ಕೆ ಶಿರಸಿಯ ಮಳೆಯೊಂದೇ ಸಾಲದೆಂಬಂತೆ ತೋಟದಿಂದ ಇನ್ನೊಂದು ಶನಿ ಬಂದು ಸೇರಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ಮದ್ದು ತಯಾರಾಗುವುದು ಮೈಲುತುತ್ತ ಮತ್ತು ಸುಣ್ಣದಿಂದ. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ, ನೀರಿನಲ್ಲಿರುವ ತಾಮ್ರ ಹೊರಬಂದು ಕಬ್ಬಿಣ ಕರಗಿ ಹೋಗುತ್ತದೆಂಬುದನ್ನು ಶಾಲೆಯ ಹುಡುಗರೂ ಮೊಳೆಯನ್ನು ಅದ್ದಿ ನೋಡಿರುತ್ತಾರೆ. ಅದೇ ಪ್ರಯೋಗ ಜೀಪಿನ ಹಿಂಬದಿಯ ತಗಡಿನ ಮೇಲೆ ವರ್ಷವರ್ಷವೂ ನಡೆಯುತ್ತದೆ. ಸುಣ್ಣ ಸರಿಯಾಗಿ ಬೆರೆತ ಮದ್ದು ಅಷ್ಟು ಉಗ್ರವಲ್ಲ. ಚೀಲದಿಂದ ಉದುರಿದ ಮೈಲುತುತ್ತದ ಹರಳು ಮಳೆಯ ನೀರಿನಲ್ಲಿ ಕರಗಿ ಮೂಲೆಯಲ್ಲಿ ನಿಂತರೆ ಮಾತ್ರ ತಗಡು ತೂತಾಗುವುದು ಖಂಡಿತ. ಮದ್ದಿನ ದಿನ ಸಂಜೆ ಹಿಂಬದಿಯನ್ನು ಹೇರಳ ನೀರಿನಿಂದ ತೊಳೆದು, ಕೆಳಗಿನ ನೀರಿನ ಕಿಂಡಿಗಳಲ್ಲಿ ಸಿಕ್ಕಿಕೊಂಡ ಕೆಸರನ್ನು ಕಡ್ಡಿಯಿಂದ ಕೆದಕಿ ತೆಗೆದರೆ ಹತ್ತು ವರ್ಷದ ಆಯುಸ್ಸು ಹೆಚ್ಚುತ್ತದೆ. ಗ್ರೀಸಿನ ಕೆಲಸವೂ ಹೀಗೆಯೆ. ಸ್ಪ್ರಿಂಗಿನ ಕೊಂಡಿ, ಸ್ಟೆಯರಿಂಗಿನ ಕೀಲು, ದಂಡದ ಸಂದು ಎಲ್ಲಕ್ಕೂ ಗ್ರೀಸು ತುಂಬುವ ಚಿಕ್ಕ ಮೊಲೆಗಳಿವೆ. ಹಳೆಯ ಗ್ರೀಸಿನೊಡನೆ ಒಳಗಿನ ನೀರು, ಮಣ್ಣು ಹೊರಕ್ಕೆ ಉಕ್ಕುವ ತನಕ ಒತ್ತಬೇಕು. ಅದನ್ನು ಮರೆತ ಜೀಪು ಒಂದು ವೇಗಕ್ಕೆ ಬಂದೊಡನೆ ಮುಂದಿನ ಚಕ್ರಗಳನ್ನು ತಾಳಮದ್ದಳೆಯ ಮದ್ದಳೆಯಂತೆ ಬಡಿಯತೊಡಗುತ್ತದೆ.

ಇನ್ನು ಮನೆಮನೆಯಲ್ಲೂ ವಾದಕ್ಕೆ ಕಾರಣವಾದ ಪ್ರಶ್ನೆ: ಪೆಟ್ರೋಲೋ, ಡೀಸೆಲೋ? 1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದ ಮೇಲೆ ಪೆಟ್ರೋಲಿನ ಬೆಲೆ ಜೀಪಿನವರ ಜೇಬನ್ನು ಸುಟ್ಟಿತು. ಲೀಟರಿಗೆ ಹತ್ತು ಕಿಲೋಮೀಟರು ಮುಟ್ಟುವುದೇ ಕಷ್ಟವಾದ ಬಂಡಿಯದು. ಕಾರ್ಖಾನೆಯವರು ಮೊದಲು ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನೂ, ಮುಂದೆ ಫ್ರಾನ್ಸಿನ ಪ್ಯೂಜೊ ಕಂಪೆನಿಯ ನಕ್ಷೆಯ ಎಂಜಿನ್ನನ್ನೂ ಜೀಪಿಗೆ ಕೂರಿಸತೊಡಗಿದರು. ಅದನ್ನು ನೋಡಿ ಹಳೆಯ ಜೀಪಿನವರೂ ಪೆಟ್ರೋಲ್ ಎಂಜಿನ್ನನ್ನು ಕಿತ್ತು ಗುಜರಿಗೆ ಹಾಕಿ ಡೀಸೆಲಿಗೆ ಬದಲಿಸಿಕೊಂಡರು. ಗ್ಯಾರೇಜಿನ ಮುಂದೆ ಈಗಲೂ ಕಿವಿಗೆ ಬೀಳುವ ಮಾತು ಒಂದೇ ಬಗೆಯದು.

“ಯಜಮಾನ್ರೇ, ಇದಕ್ಕೊಂದು ಡೀಸೆಲ್ ಎಂಜಿನ್ ಕೂರಿಸಿಬಿಡಿ. ನಿಮಗೂ ನಿಶ್ಚಿಂತೆ, ನಮಗೂ ನಿಶ್ಚಿಂತೆ.”

“ಮೇಸ್ತ್ರಿ, ಕೂರಿಸಬಹುದು. ರಾತ್ರಿ ಬ್ಯಾಟರಿ ಸತ್ತರೆ ಹ್ಯಾಂಡಲ್ ಹೊಡೆಯೋದು ಯಾರು, ನೀವು ಬರ್ತೀರೋ?”

ಇಬ್ಬರ ಮಾತಿನಲ್ಲಿಯೂ ತಥ್ಯವಿದೆ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡವಾದ್ದರಿಂದ ತೇವದ ಕಾಟವಿಲ್ಲ, ಖರ್ಚೂ ಕಡಮೆ. ಆದರೆ ಗಾಳಿಯನ್ನು ಒತ್ತಿ ಒತ್ತಿಯೇ ಬೆಂಕಿ ಹುಟ್ಟಿಸುವ ಎಂಜಿನ್ನನ್ನು ಒಬ್ಬ ಮನುಷ್ಯ ಕೈಯಿಂದ ತಿರುಗಿಸುವುದು ಆಗದ ಮಾತು. ಅದರ ತೂಕವೂ ಅದುರುವಿಕೆಯೂ ಹೆಚ್ಚು. ಹಗುರವಾದ ಎಂಜಿನ್ನಿಗಾಗಿ ಮಾಡಿದ ಚೌಕಟ್ಟಿನಲ್ಲಿ ಎಂಜಿನ್ನು ಕೂತ ಜಾಗದ ಬಳಿ ಬಿರುಕು ಬಿಡುವುದುಂಟು. ಬದಲಿಸಿದ ಜೀಪನ್ನು ಕೊಳ್ಳುವವರು ಮೊದಲು ಮಣ್ಣು ತೊಳೆದು ಅಲ್ಲಿ ನೋಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಇಂಥ ಬದಲಾವಣೆಯನ್ನು ನೋಂದಣಿಯ ಅಧಿಕಾರಿಗಳ ಒಪ್ಪಿಗೆ ಪಡೆದು ಪುಸ್ತಕದಲ್ಲಿ ಬರೆಯಿಸಬೇಕೆಂಬುದನ್ನು ಅಂದು ಅನೇಕರು ಗಣಿಸಲಿಲ್ಲ. ಈಗ ಮೊಮ್ಮಗನು ಕಾಗದಪತ್ರ ಹಿಡಿದು ಹೋದಾಗ ಎಂಜಿನ್ನಿನ ನಂಬರು ಒಂದು, ಪುಸ್ತಕದ ನಂಬರು ಮತ್ತೊಂದು!

ಪೆಟ್ರೋಲ್ ಎಂಜಿನ್ನನ್ನು ಉಳಿಸಿಕೊಂಡವರಿಗೂ ಹೊಸ ಚಿಂತೆ ತಪ್ಪಿಲ್ಲ. 2025ರ ಹೊತ್ತಿಗೆ ದೇಶದಲ್ಲಿ ಮಾರುವ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಯತೊಡಗಿತು. ಎಥನಾಲ್ ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪಂಪಿನೊಳಗಿನ ಪೊರೆ, ಪೆಟ್ರೋಲಿನ ರಬ್ಬರ್ ಕೊಳವೆಗಳು ಕೆಲವೇ ತಿಂಗಳಲ್ಲಿ ಉಬ್ಬಿ ಸೋರುವುದುಂಟು. ಜೊತೆಗೆ ಅದು ನೀರನ್ನೂ ಕರೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಜೀಪಿನ ಟಾಕಿಯ ತಳದಲ್ಲಿ ನೀರು ಬೆರೆತ ಎಥನಾಲು ಬೇರೆಯಾಗಿ ಇಳಿದರೆ, ಎಂಜಿನ್ನಿಗೆ ಮೊದಲು ಹೋಗುವುದೇ ಆ ನೀರು. ಎಥನಾಲನ್ನು ತಡೆಯಬಲ್ಲ ಹೊಸ ಬಗೆಯ ಪೊರೆ, ಕೊಳವೆಗಳನ್ನು ಹಾಕಿಸುವುದು, ಬಹುಕಾಲ ನಿಲ್ಲಿಸುವುದಿದ್ದರೆ ಟಾಕಿಯನ್ನು ಬಸಿಯುವುದು, ಇಲ್ಲವೆ ವಾರಕ್ಕೊಮ್ಮೆಯಾದರೂ ಓಡಿಸುವುದು ಇದಕ್ಕೆ ದಾರಿ.

ಬಿಡಿಭಾಗಗಳ ಮಟ್ಟಿಗೆ ಭಾರತದ ಜೀಪು ಪುಣ್ಯ ಮಾಡಿದೆ. ಒಂದೇ ಮಾದರಿ ಹಲವು ದಶಕ ನಡೆದುಬಂದದ್ದರಿಂದ ಒಂದರ ಭಾಗ ಇನ್ನೊಂದಕ್ಕೆ ಒಪ್ಪುತ್ತದೆ. ಶಿರಸಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಲ್ಲಿ ಸಿಕ್ಕೀತು. ವಿಧಿಯ ವಿನೋದವೆಂದರೆ, 2018ರಲ್ಲಿ ಮಹೀಂದ್ರದವರು ಇದೇ ವಂಶದ ಬಂಡಿಯೊಂದನ್ನು ರಾಕ್ಸರ್ ಎಂಬ ಹೆಸರಿನಿಂದ ಅಮೇರಿಕದಲ್ಲೇ ತಯಾರಿಸಿ ಮಾರಹೊರಟಾಗ, ಜೀಪಿನ ಹೆಸರಿನ ಅಂದಿನ ಒಡೆಯರಾದ ಫಿಯಟ್ ಕ್ರೈಸ್ಲರ್ ಕಂಪೆನಿಯವರು ಅದು ತಮ್ಮ ಜೀಪಿನ ರೂಪವೆಂದು ಅಲ್ಲಿನ ವ್ಯಾಪಾರ ಆಯೋಗಕ್ಕೆ ದೂರಿತ್ತರು. 2020ರಲ್ಲಿ ಆಯೋಗವು ಮೊದಲಿನ ರೂಪವನ್ನು ತಡೆದು, ಮುಖ ಬದಲಿಸಿದ ಮೇಲೆ ಮಾರಾಟಕ್ಕೆ ಬಿಟ್ಟಿತು. ತವರಿನಲ್ಲಿ ಗುರುತು ಹಿಡಿಯದಂತೆ ವೇಷ ಮರೆಸಿಕೊಳ್ಳಬೇಕಾದ ಮಗಳ ಕತೆ!

ಭಾಗ ಸಿಕ್ಕಿದರೂ ಕೈ ಸಿಗಬೇಕಲ್ಲ. ಬಾನೆಟ್ಟಿಗೆ ಕಿವಿಗೊಟ್ಟು ರೋಗ ಹೇಳುತ್ತಿದ್ದ ಮೇಸ್ತ್ರಿಗಳಿಗೆ ವಯಸ್ಸಾಯಿತು. ಅವರ ಕೈಕೆಳಗೆ ಕಲಿಯಬೇಕಾದ ಹುಡುಗರು ಗಣಕಯಂತ್ರ ಹಚ್ಚಿ ದೋಷ ಹುಡುಕುವ ಹೊಸ ಕಾರುಗಳ ಗ್ಯಾರೇಜಿಗೆ ಹೋದರು. ತೋಟದ ಮನೆಗಳಲ್ಲಿಯೂ ಹೀಗೆಯೆ. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲಿ ಅಪ್ಪ, ಅಮ್ಮ ಮತ್ತು ಜೀಪು. ಈ ನಡುವೆ ಹಳೆಯ ಬಂಡಿಗಳಿಗೆ ನಗರದಲ್ಲಿ ಬೆಲೆ ಬಂದಿದೆ. 2021ರಲ್ಲಿ ಕೇಂದ್ರ ಸರಕಾರವು 50 ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ಮಾಡಿತು. ಅವುಗಳ ಸಂಖ್ಯೆಯ ಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಗೌರವವೇನೋ ದೊಡ್ಡದು. ಆದರೆ ಆ ಫಲಕ ಹೊತ್ತ ಬಂಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ ರಸ್ತೆಗಿಳಿಸಬಹುದಲ್ಲದೆ ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. ಅಡಿಕೆಯ ಚೀಲ ಹೊರುವ ಜೀಪಿಗೆ ಆ ಪದವಿ ಒದಗಲಾರದು. ಅದು ಎಂದಿನಂತೆ ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ನಿಂತು, ನೋಂದಣಿ ನವೀಕರಿಸಿಕೊಂಡು ದುಡಿಯಬೇಕು.

ಹೀಗಾಗಿ ಕೊನೆ ಕೊಯ್ಲು ಮುಗಿದು ಮಕ್ಕಳು ರಜೆಗೆ ಊರಿಗೆ ಬಂದಾಗ ಜಗಲಿಯ ಮೇಲೆ ಅದೇ ಚರ್ಚೆ ಏಳುತ್ತದೆ. ಒಳ್ಳೆಯ ಬೆಲೆ ಬಂದಿದೆ, ಕೊಟ್ಟುಬಿಟ್ಟು ಹವಾನಿಯಂತ್ರಿತ ಕಾರು ತರೋಣವೆಂದು ಮಗನ ಮತ. ಆ ಕಾರು ಹಳ್ಳದ ಆಚೆಯ ಏರನ್ನು ಜುಲೈ ತಿಂಗಳಲ್ಲಿ ಹತ್ತಿ ತೋರಿಸಲಿ, ಆಮೇಲೆ ನೋಡೋಣವೆಂದು ತಂದೆಯ ಉತ್ತರ. ತಾಯಿ ಯಾರ ಪಕ್ಷವನ್ನೂ ವಹಿಸದೆ, ಬ್ರೇಕಿನ ಎಣ್ಣೆ ಬದಲಿಸಿಯಾಯಿತೇ ಎಂದು ಮಾತ್ರ ಕೇಳುತ್ತಾರೆ. ಮಗ ಏಳುತ್ತಾನೆ, ಲುಂಗಿ ಎತ್ತಿ ಕಟ್ಟುತ್ತಾನೆ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಜಾಕಿಯನ್ನು ಹುಡುಕುತ್ತಾನೆ.